ರಸ್ತೆಗೆ ಮುಖ ಮಾಡಿದ ಪಳ್ಳಿ

ಇದ್ದಿನಬ್ಬ ಹಾಜಿಯ ಎದುರು ಹವ್ವಮ್ಮ ಮೊದಲ ಸಲ ಬಾಯಿ ತೆರೆದದ್ದು, ಊರಿನ ಹಳೆಯ ಮಸೀದಿಯನ್ನು ಕೆಡವಿ ಕಟ್ಟಲಿರುವ ಹೊಸ ಪಳ್ಳಿಯ ನಕ್ಷೆಯನ್ನು ಗಂಡಸರು ಅವಳ ಜಗಲಿಯ ಮೇಲೆ ಹಾಸಿಕೊಂಡು ಕೂತ ದಿನ. ಬಾಯಿ ತೆರೆದದ್ದು ಅಂದರೆ ಜಗಳಕ್ಕೆ. ಊಟ ಆರುತ್ತದೆ ಬಾ, ಸ್ನಾನಕ್ಕೆ ನೀರು ಕಾದಿದೆ, ಅಂಗಿ ಒಗೆದು ಮಡಚಿಟ್ಟಿದೆ ಎನ್ನುವುದಕ್ಕೆ ಅವಳು ಮೂವತ್ತೈದು ವರ್ಷಗಳಿಂದ ಬಾಯಿ ತೆರೆಯುತ್ತಲೇ ಇದ್ದಳು. ಬಾಳೆಹೊನ್ನೂರಿನಿಂದ ಹದಿನಾರನೇ ವಯಸ್ಸಿಗೆ ಮದುವೆಯಾಗಿ ಕಲ್ಲುಮಕ್ಕಿಗೆ ಬಂದಾಗ ಗಂಡನ ಈ ತಮ್ಮನಿಗೆ ಆರು ವರ್ಷ, ತಾಯಿಯಿಲ್ಲ. ಅವನ ಮೂಗು ಒರೆಸಿದವಳು, ಕಜ್ಜಿಗೆ ಬೇವಿನ ನೀರು ಹಾಕಿದವಳು, ಇಪ್ಪತ್ತಕ್ಕೆ ಅವನು ಸೌದಿಯ ದಮ್ಮಾಮಿಗೆ ಹೊರಟಾಗ ಉಪ್ಪಿನಕಾಯಿ ಭರಣಿಯ ಬಾಯಿಗೆ ಬಟ್ಟೆ ಬಿಗಿದುಕೊಟ್ಟವಳು ಅವಳೇ. ಹದಿನೈದು ವರ್ಷ ಅಲ್ಲಿ ದುಡಿದು, ಹಜ್ ಮುಗಿಸಿ, ಮರಳಿ ಬಂದು ಪಳ್ಳಿಯ ಜಮಾತಿನ ಅಧ್ಯಕ್ಷನಾದ ಮೇಲೆ ಅವನು ಅವಳನ್ನು ‘ಅತ್ತಿಗೆ’ ಎಂದು ಕರೆಯುತ್ತಿದ್ದದ್ದು ಚಹಾ ಬೇಕಾದಾಗ ಮಾತ್ರ.

ಸಭೆ ಹಾಜಿಯ ಮನೆಯಲ್ಲಿ ನಡೆಯಬೇಕಿತ್ತು. ಆದರೆ ಅಲ್ಲಿ ಹೊಸದಾಗಿ ಟೈಲ್ಸ್ ಹಾಕಿಸಿದ್ದರು, ಒಂಬತ್ತು ಜನರ ಹದಿನೆಂಟು ಕಾಲು ಹಾಜಿಯ ಹೆಂಡತಿಗೆ ಬೇಕಿರಲಿಲ್ಲ. ಹಾಗಾಗಿ ಪಕ್ಕದ ಹಳೆಯ ಮನೆಯ ಜಗಲಿ. ಗಂಡ ಸತ್ತು ಹನ್ನೆರಡು ವರ್ಷವಾಗಿ, ಮಗಳು ಮದುವೆಯಾಗಿ ಹೋಗಿ, ಹವ್ವಮ್ಮ ಆ ಮನೆಯಲ್ಲಿ ಒಬ್ಬಳೇ. ಒಬ್ಬಳೇ ಇರುವ ಹೆಂಗಸಿಗೆ ಕೆಲಸವೇನು ಎಂದು ಊರು ತಿಳಿದಿತ್ತು; ಹಾಗಾಗಿ ಊರಿನ ಕೆಲಸವೆಲ್ಲ ಅವಳದ್ದು.

ಪಳ್ಳಿಯ ಕೆಲಸವಂತೂ ಪೂರ್ತಿ ಅವಳದ್ದು. ನಲವತ್ತು ಬ್ಯಾರಿ ಮನೆಗಳ ಆ ಪಳ್ಳಿಗೆ ಮುಕ್ರಿಯೆಂದು ಒಬ್ಬ ಗಂಡಸಿದ್ದ. ನಮಾಜಿನ ಬಾಂಗ್ ಕೊಡುವುದು, ಬೀಗ ಹಾಕುವುದು ಅವನ ಕೆಲಸ. ಚಾಪೆಗಳನ್ನು ಹೊಳೆಗೆ ಹೊತ್ತು ತೊಳೆಯುವುದು, ಒಣಗಿಸಿ ಸಾಲು ಸಾಲಾಗಿ ಹಾಸುವುದು, ಕೈಕಾಲು ತೊಳೆಯುವ ತೊಟ್ಟಿಯ ಪಾಚಿ ಉಜ್ಜುವುದು, ಕಬರಸ್ಥಾನದ ಹುಲ್ಲು ಕೀಳುವುದು, ರಂಜಾನಿನ ಮೂವತ್ತು ಸಂಜೆಗೆ ಮೂವತ್ತು ಹಂಡೆ ಗಂಜಿ ಬೇಯಿಸುವುದು, ಇವುಗಳಿಗೆ ಹೆಸರಿರಲಿಲ್ಲ. ಹೆಸರಿಲ್ಲದ್ದರಿಂದ ಅವನ್ನು ಮಾಡುವವಳನ್ನು ಯಾವ ಸಭೆಗೂ ಕರೆಯಬೇಕಿರಲಿಲ್ಲ.

ಇಷ್ಟಕ್ಕೆಲ್ಲ ಅವಳಿಗೆ ಸಿಗುತ್ತಿದ್ದದ್ದು ಒಂದು ಚಾವಡಿ. ಹಳೆಯ ಪಳ್ಳಿಯ ಬಡಗು ಬದಿಗೆ ಹೊಂದಿಕೊಂಡು, ಹದಿನಾರು ಅಡಿ ಉದ್ದ, ಎಂಟು ಅಡಿ ಅಗಲ, ನಡುವೆ ಹಲಸಿನ ಮರದ ಜಾಲರಿ. ಅದು ಹೆಂಗಸರ ಜಾಗ. ಈ ಕಡೆಯ ಬೇರೆ ಪಳ್ಳಿಗಳಲ್ಲಿ ಅಂಥದ್ದಿರಲಿಲ್ಲ. ಇಲ್ಲಿ ಹೇಗೆ ಬಂತೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಶುಕ್ರವಾರ ಏಳೆಂಟು ಹೆಂಗಸರು ಬರುತ್ತಿದ್ದರು, ರಂಜಾನಿನಲ್ಲಿ ಇಪ್ಪತ್ತು. ಹವ್ವಮ್ಮ ದಿನಾ. ಅವಳು ದೊಡ್ಡ ಭಕ್ತೆಯೇನಲ್ಲ. ಆದರೆ ಆ ಎಂಟಡಿಯೊಳಗೆ ಕೂತು ಕಣ್ಣು ಮುಚ್ಚಿದರೆ ನೀರು ಕೊಡು, ಬಾಗಿಲು ಹಾಕು, ಕೋಳಿ ಅಟ್ಟು ಎಂದು ಯಾರೂ ಕರೆಯುವ ಹಾಗಿರಲಿಲ್ಲ. ಭೂಮಿಯ ಮೇಲೆ ಅವಳಿಗೆ ಅಂಥ ಇನ್ನೊಂದು ಜಾಗವಿರಲಿಲ್ಲ.

ಚಹಾದ ತಟ್ಟೆ ಹಿಡಿದು ಬಗ್ಗಿದಾಗ ಅವಳ ಕಣ್ಣು ನಕ್ಷೆಯ ಮೇಲೆ ಬಿತ್ತು. ಓದಲು ಬರುವುದಿಲ್ಲ, ಗೆರೆ ಕಾಣುತ್ತದೆ.

“ಷಡಕ್ಷರಿಯವ್ರೆ, ಹೆಂಗಸರ ಚಾವಡಿ ಇದ್ರಲ್ಲಿ ಎಲ್ಲಿ ಬತ್ತದೆ?”

ಷಡಕ್ಷರಿ ನರಸಿಂಹರಾಜಪುರದ ಕಂಟ್ರಾಕ್ಟರು, ಹಣೆ ತುಂಬ ವಿಭೂತಿಯ ಮನುಷ್ಯ. ಲಿಂಗಾಯತರ ಮಠವನ್ನೂ ಅವನೇ ಕಟ್ಟಿದವನು, ಗೌಡರ ಕಲ್ಯಾಣಮಂಟಪವನ್ನೂ ಅವನೇ. ಹಾಜಿಯ ಮುಖ ನೋಡಿ, ಆಮೇಲೆ ಹೇಳಿದ: “ನಂಗೆ ಕೊಟ್ಟ ಪಟ್ಟಿಯಲ್ಲಿ ಅದು ಇರ್ಲಿಲ್ಲ ಹವ್ವಕ್ಕ.”

“ಒಳಗೆ ಹೋಗಿ ಅತ್ತಿಗೆ,” ಎಂದ ಹಾಜಿ. “ಇದು ಕಟ್ಟಡದ ವಿಷಯ.”

“ನಾನು ಕೇಳಿದ್ದೂ ಕಟ್ಟಡದ್ದೇ. ಪಲ್ಯದ್ದಲ್ಲ.”

ಯಾರೋ ನಕ್ಕರು. ಹಾಜಿ ನಗಲಿಲ್ಲ. “ಜಾಗ ಇಲ್ಲ. ಗಂಡಸರಿಗೇ ಸಾಲ್ದು.”

ಹವ್ವಮ್ಮ ತಟ್ಟೆ ಕೆಳಗಿಟ್ಟಳು. ಹಾಳೆಯ ಅಂಚಿನ ದಪ್ಪ ಗೆರೆ ರಸ್ತೆ ಎಂದು ಅವಳಿಗೆ ತಿಳಿಯಿತು, ಅದರ ಮೇಲೆ ಬಸ್ ಸ್ಟ್ಯಾಂಡಿನ ಚೌಕವಿತ್ತು. ಕಟ್ಟಡ ಆ ಗೆರೆಗೆ ಸರಿಸಮವಾಗಿ ನಿಂತಿತ್ತು. “ಇದೆಂಥದು? ನಮ್ಮ ಪಳ್ಳಿ ರಸ್ತೆಗೆ ಓರೆ ಅಲ್ವಾ? ನಮಾಜಿಗೆ ಮುಖ ಮಾಡೋ ದಿಕ್ಕು, ಕಿಬ್ಲಾ, ಆ ಕಡೆಗೆ ಬೀಳ್ತದೆ, ಅದಕ್ಕೇ ಗೋಡೆ ಓರೆ. ಇದನ್ನ ಎಂತಕ್ಕೆ ನೇರ ಮಾಡಿದ್ದು?”

ಷಡಕ್ಷರಿಗೆ ಖುಷಿಯಾಯಿತು. ಒಂಬತ್ತು ಜನ ಗಂಡಸರಲ್ಲಿ ಒಬ್ಬರೂ ಈ ಪ್ರಶ್ನೆ ಕೇಳಿರಲಿಲ್ಲ. “ನಾನೂ ಅದೇ ಹೇಳ್ದೆ ಮಾರಾಯ್ತಿ! ಓರೆಗೇ ಕಟ್ಟಿದ್ರೆ ಚಾವಡಿಯೂ ಕೂರ್ತದೆ. ನೇರ ಮಾಡಿದ್ರೆ ಒಳಗೆ ನಮಾಜಿನ ಸಾಲು ಓರೆ ಹಾಕ್ಬೇಕು, ಹಿಂದಿನ ಎಡಮೂಲೆ ದಂಡ. ಅಲ್ಲಿ ಎಂತದೂ ಆಗಲ್ಲ.”

“ನೇರವೇ ಇರ್ಬೇಕು,” ಎಂದ ಹಾಜಿ. ಅವನ ದನಿ ಏರಿತು. “ಎರಡು ಮಿನಾರ, ನಡುವೆ ಗುಂಬಜು. ಬಸ್ಸಲ್ಲಿ ಹೋಗೋನಿಗೆ ಮುಖಕ್ಕೆ ಮುಖ ಕಾಣ್ಬೇಕು. ಇನ್ನೊಬ್ಬ ಕಂಡಕ್ಟರು ಈ ಊರಲ್ಲಿ ‘ಗೋಡೌನ್ ಇಳಿಯೋರು ಯಾರ್ರೀ’ ಅಂತ ಕೂಗ್ಬಾರ್ದು.”

ಕಂಡಕ್ಟರು ಹಾಗೆ ಕೂಗಿದ್ದು ನಿಜ. ಹಳೆಯ ಪಳ್ಳಿಗೆ ಗುಂಬಜು ಮಿನಾರ ಯಾವುದೂ ಇರಲಿಲ್ಲ. ನೂರು ವರ್ಷದ ಹಿಂದೆ ಕಮ್ಮರಡಿ ಕಡೆಯ ಆಚಾರಿ ಕಟ್ಟಿದ್ದ. ಇಳಿಜಾರು ಹೆಂಚು, ನಾಲ್ಕು ಹಲಸಿನ ಕಂಬ, ಕಂಬದ ಬೋದಿಗೆಯಲ್ಲಿ ಗೌಡರ ಮನೆಗಳಲ್ಲಿ ಕೆತ್ತಿದ ಹೂವೇ ಕೆತ್ತಿದ್ದ. ಗೊತ್ತಿಲ್ಲದವರು ಅದನ್ನು ಯಾರದ್ದೋ ಮನೆಯೋ ಗೋಡೌನೋ ಎಂದುಕೊಳ್ಳುತ್ತಿದ್ದರು. ಮುಂಚೆ ಅದರಿಂದ ಯಾರಿಗೂ ತೊಂದರೆ ಇರಲಿಲ್ಲ. ಗಿರಿಯ ಮೇಲಿನ ದರ್ಗಾ ಯಾರದ್ದು ಎಂಬ ಗಲಾಟೆ ಶುರುವಾದ ಮೇಲೆ ಪ್ರತಿ ಡಿಸೆಂಬರಿನಲ್ಲೂ ಬಾವುಟ ಕಟ್ಟಿದ ಜೀಪುಗಳು ಪೇಟೆಯಲ್ಲಿ ಹಾರ್ನು ಹೊಡೆಯುತ್ತ ಹೋಗತೊಡಗಿದವು, ಬಸ್ಸಿನ ನಗು ಬೇರೆ ರೀತಿ ಚುಚ್ಚತೊಡಗಿತು. ಹಾಜಿಯ ಸಿಟ್ಟಿಗೆ ಕಾರಣವಿತ್ತು. ಹವ್ವಮ್ಮನಿಗೂ ಅದು ಗೊತ್ತಿತ್ತು. ಆದರೆ ಆ ಸಿಟ್ಟಿಗೆ ಬಲಿಯಾಗಬೇಕಾದ್ದು ತನ್ನ ಎಂಟಡಿಯೇ ಯಾಕೆ ಎಂಬುದು ಮಾತ್ರ ಗೊತ್ತಾಗಲಿಲ್ಲ.

“ಬಸ್ಸಲ್ಲಿ ಹೋಗೋರು ಇಳಿದು ಬಂದು ಇಲ್ಲಿ ನಮಾಜ್ ಮಾಡ್ತಾರಾ?” ಎಂದಳು.

ಹಾಜಿ ಲೋಟ ಎತ್ತಿ ಒಂದು ಗುಟುಕು ಕುಡಿದ. “ಸಕ್ಕರೆ ಕಡಿಮೆ,” ಎಂದು ಲೋಟವನ್ನು ಅವಳ ಕಡೆ ತಳ್ಳಿದ.

ಅವಳು ಸಕ್ಕರೆ ತರಲಿಲ್ಲ.

ಪಳ್ಳಿಯಲ್ಲಿ ನಮಾಜ್ ಮಾಡಿಸುವ ಉಸ್ತಾದರಿಗೆ ಮನೆಮನೆಯಿಂದ ಸರದಿಯಲ್ಲಿ ಊಟ ಹೋಗುವುದು ಅಲ್ಲಿಯ ಕ್ರಮ. ಹವ್ವಮ್ಮನ ಸರದಿ ಬಂದ ದಿನ ಅವಳು ಊಟದ ಕ್ಯಾರಿಯರ್ ಹಿಡಿದು ಹೋಗಿ, ಬಾಗಿಲ ಹೊರಗೆ ನಿಂತು ಚಾವಡಿಯ ವಿಷಯ ಕೇಳಿದಳು. ಉಸ್ತಾದರು ಕಾಸರಗೋಡಿನ ಕಡೆಯವರು, ಇಪ್ಪತ್ತೆಂಟು ವರ್ಷ, ಒಳ್ಳೆಯ ಮಾತಿನವರು.

“ಹೆಂಗಸರಿಗೆ ಮನೆಯ ನಮಾಜೇ ಶ್ರೇಷ್ಠ ಉಮ್ಮಾ,” ಎಂದರು.

“ಮನೇಲಿ ಮಾಡೋಕೆ ಯಾರು ಬಿಡ್ತಾರೆ ಉಸ್ತಾದರೇ? ಮೊದಲ ಸುತ್ತು ರಕಾತಿಗೆ ಹಾಲು ಉಕ್ತದೆ, ಎರಡನೇದಕ್ಕೆ ಫೋನು ಹೊಡ್ಕೊಳ್ತದೆ. ನೀವು ಒಂದು ದಿನ ನಮ್ಮ ಅಡುಗೆಮನೇಲಿ ನಿಂತು ಶುಕ್ರವಾರದ ಜುಮಾ ಮಾಡಿ ನೋಡಿ.”

ಅವರು ಕ್ಯಾರಿಯರ್ ತೆಗೆದುಕೊಂಡು ಒಳಗೆ ಹೋದರು. ಮೀನಿನ ಸಾರು ಬಿಸಿಯಿತ್ತು.

ಹಳೆಯ ಪಳ್ಳಿಯ ಹೆಂಚು ಇಳಿಸತೊಡಗಿದ ದಿನ ಕೂಲಿಯವರಿಗೆ ಊಟ ಮಾಡಿಕೊಡಲು ಹವ್ವಮ್ಮನಿಗೆ ಹೇಳಿಕಳಿಸಿದರು. ಅವಳು ಬರುವುದಿಲ್ಲ ಎಂದಳು. ಹಿಂದೆಂದೂ ಹಾಗೆ ಹೇಳಿದವಳಲ್ಲ. ಅವಳ ಜೊತೆ ನಿಲ್ಲುತ್ತೇವೆಂದ ಹೆಂಗಸರು ಮೂರು ದಿನ ನಿಂತರು. ನಾಲ್ಕನೇ ದಿನ ಗಂಡಂದಿರು ಮನೆಯಲ್ಲಿ ತಟ್ಟೆ ಎಸೆದರು, ಹೆಂಗಸರು ಹಂಡೆ ಎತ್ತಿಕೊಂಡು ಹೋದರು. ಎದುರುಮನೆಯ ಐಸಮ್ಮ ಮಾತ್ರ ಹೋಗಲಿಲ್ಲ. ಅವಳಿಗೆ ಗಂಡನಿರಲಿಲ್ಲ, ತಟ್ಟೆ ಎಸೆಯುವವರಿಲ್ಲ.

ಹಾಜಿ ಬಿಡಲಿಲ್ಲ. ರಂಜಾನಿನ ಗಂಜಿಗೆ ಕೊಪ್ಪದಿಂದ ಸಂಬಳದ ಅಡುಗೆಯವನನ್ನು ತರಿಸಿದ. ಮೂವತ್ತು ವರ್ಷ ಪುಕ್ಕಟೆ ಬೇಯಿಸಿದ ಕೆಲಸಕ್ಕೆ ಸಂಬಳವೂ ಇದೆ ಎಂದು ಹವ್ವಮ್ಮನಿಗೆ ಆಗ ತಿಳಿಯಿತು. ಉಸ್ತಾದರ ಊಟದ ಸರದಿಯಿಂದ ಅವಳ ಮನೆಯ ಹೆಸರು ತೆಗೆದರು. ಮದುವೆಮನೆಗಳಲ್ಲಿ ಅವಳು ಕೂತ ಚಾಪೆಯ ಮೇಲೆ ಬೇರೆಯವರು ಕೂರಲು ಹಿಂದೆಮುಂದೆ ನೋಡತೊಡಗಿದರು. ಸುಗ್ಗಿಯಲ್ಲಿ ಅವಳು ಭಂಡಿಗಡಿ ಕಡೆ ಅಡಿಕೆ ಸುಲಿಯಲು ಹೋದಳು. ಸುಲಿಯುವ ಕತ್ತಿಯ ಮುಂದೆ ಕೂತ ಹೆಂಗಸರು ಜಾತಿ ಮರೆತು ಮೈದುನಂದಿರನ್ನು ಬೈಯುತ್ತಿದ್ದರು. ಅಲ್ಲಿ ಅವಳಿಗೆ ಉಸಿರಾಡಲು ಆಗುತ್ತಿತ್ತು.

ಒಂದೂವರೆ ವರ್ಷದಲ್ಲಿ ಪಳ್ಳಿ ಎದ್ದಿತು. ಮಿನಾರ ದೇವಸ್ಥಾನದ ಶಿಖರಕ್ಕಿಂತ ಎತ್ತರ ಎಂದು ಪಂಚಾಯಿತಿಗೆ ಅರ್ಜಿ ಹೋಯಿತು, ನಾಲ್ಕಡಿ ತಗ್ಗಿಸಿದರು. ತಗ್ಗಿಸಿದರೂ ಎಂಟು ಫರ್ಲಾಂಗಿನಿಂದ ಕಾಣುತ್ತಿತ್ತು. ಹಸಿರು ಬಣ್ಣ, ಬಿಳಿ ಅಂಚು, ರಸ್ತೆಗೆ ನೆಟ್ಟಗೆ ನಿಂತ ಮುಖ. ಕಂಡಕ್ಟರುಗಳು ಈಗ ‘ಮಸೀದಿ ಸ್ಟಾಪ್’ ಎನ್ನುತ್ತಿದ್ದರು. ಹಾಜಿ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತು ಅದನ್ನು ಕೇಳಿಸಿಕೊಳ್ಳುತ್ತಿದ್ದ.

ಎರಡು ಸಾವಿರದ ಆರು, ಏಪ್ರಿಲ್. ಮರುದಿನದ ಉದ್ಘಾಟನೆಗೆ ಮಂಗಳೂರಿನಿಂದ ದೊಡ್ಡ ಗುರುಗಳು ಬರುವವರಿದ್ದರು. ಬೆಳಿಗ್ಗೆ ಹತ್ತು ಗಂಟೆಗೆ ಮುಕ್ರಿ ಓಡಿಬಂದು ಹವ್ವಮ್ಮನ ಬಾಗಿಲಲ್ಲಿ ನಿಂತ.

“ಹವ್ವಾದಾ, ಒಂದು ಸಲ ಬನ್ನಿ. ದಮ್ಮಾಮಿನ ಕಾರ್ಪೆಟ್ ಹಾಸಿದ್ದಾರೆ. ಸಾಲು ತಪ್ಪಿದೆ ಅಂತ ಉಸ್ತಾದರು ಹೇಳ್ತಿದ್ದಾರೆ.”

“ಅವರೇ ಸರಿ ಮಾಡ್ಲಿ.”

“ಆಗ್ತಾ ಇಲ್ಲ ಮಾರಾಯ್ತಿ. ಒಬ್ಬೊಬ್ರು ಒಂದೊಂದು ಕಡೆ ಕೈ ತೋರಿಸ್ತಾ ಇದ್ದಾರೆ.”

ಅವಳಿಗೆ ಹೋಗಲು ಮನಸ್ಸಿರಲಿಲ್ಲ. ಆದರೆ ಅವರು ಒದ್ದಾಡುವುದನ್ನು ನೋಡಲು ಮನಸ್ಸಿತ್ತು. ಹೋದಳು.

ಆಗಿದ್ದು ಇಷ್ಟು. ನಮಾಜಿನ ಹಾಲ್‌ನ ಉದ್ದಗಲ ಬರೆದು ಹಾಜಿ ದಮ್ಮಾಮಿನ ಗೆಳೆಯನಿಗೆ ಕಳಿಸಿದ್ದ. ಗೆಳೆಯ ಆ ಅಳತೆಗೆ ಸರಿಯಾಗಿ, ನಮಾಜಿನ ಸಾಲುಗಳನ್ನು ನೇಯ್ದ ದಪ್ಪ ಕಾರ್ಪೆಟ್ ಕಳಿಸಿದ್ದ. ಗೋಡೆಯಿಂದ ಗೋಡೆಗೆ ಎಳೆದಾಗ ಅದು ನುಣ್ಣಗೆ ಕೂತಿತು. ಸಾಲುಗಳು ಗೋಡೆಗೆ ಸಮ, ಗೋಡೆ ರಸ್ತೆಗೆ ಸಮ. ಅಂದರೆ ಊರೆಲ್ಲ ಸೇರಿ ನರಸಿಂಹರಾಜಪುರದ ಬಸ್ಸಿನ ಅಳತೆಗೆ ತಲೆ ಬಾಗಬೇಕು. ಸಾಲು ಓರೆ ಹಾಕಬೇಕೆಂದು ಷಡಕ್ಷರಿ ಎಳೆದಿದ್ದ ಗೆರೆ ಟೈಲ್ಸ್ ಅಡಿ ಹೋಗಿತ್ತು. ಷಡಕ್ಷರಿ ಶೃಂಗೇರಿಯಲ್ಲಿ ಯಾವುದೋ ಲಾಡ್ಜ್ ಕಟ್ಟುತ್ತಿದ್ದ, ಫೋನ್ ಸಿಗಲಿಲ್ಲ. ಉಸ್ತಾದರ ಕೈಯ ದಿಕ್ಸೂಚಿಯ ಮುಳ್ಳು ಕಂಬದ ಹತ್ತಿರ ಒಂದು ಕಡೆ, ಕಿಟಕಿಯ ಹತ್ತಿರ ಇನ್ನೊಂದು ಕಡೆ ತಿರುಗುತ್ತಿತ್ತು. ಕಾಂಕ್ರೀಟಿನೊಳಗಿನ ಕಬ್ಬಿಣ ಅದನ್ನು ಎಳೆದಾಡುತ್ತಿತ್ತು.

ಹವ್ವಮ್ಮ ಹೊಸಿಲ ಹೊರಗೆ ನಿಂತಳು. ಹಾಜಿ ಅವಳನ್ನು ನೋಡಿದ. ಎರಡು ವರ್ಷದಿಂದ ಅವರಿಬ್ಬರ ನಡುವೆ ಮಾತಿರಲಿಲ್ಲ.

“ಹಗ್ಗ ಕೊಡಿ,” ಎಂದಳು ಮುಕ್ರಿಗೆ.

ಹಗ್ಗ ಹಿಡಿದು ಅವಳು ಒಳಗೆ ಬರಲಿಲ್ಲ, ಪಕ್ಕದ ಕಬರಸ್ಥಾನಕ್ಕೆ ಹೋದಳು. ಸತ್ತವರನ್ನು ಕಿಬ್ಲಾಕ್ಕೆ ಮುಖ ಮಾಡಿ ಮಲಗಿಸುತ್ತಾರೆ. ಕಬರು ಯಾವ ಉದ್ದಕ್ಕಿದೆಯೋ ನಮಾಜಿನ ಸಾಲೂ ಅದೇ ಉದ್ದಕ್ಕೆ. ಅಷ್ಟೊಂದು ಹೆಣ ಹೊತ್ತ ಗಂಡಸರಲ್ಲಿ ಯಾರಿಗೂ ಅದು ಹೊಳೆದಿರಲಿಲ್ಲ, ಹುಲ್ಲು ಕಿತ್ತವಳಿಗೆ ಹೊಳೆಯಿತು. ಗಂಡನ ಕಬರಿನ ತಲೆಗಲ್ಲಿಗೆ ಹಗ್ಗದ ತುದಿ ಕಟ್ಟಿ, ಕಾಲಿನ ಕಲ್ಲಿಗೆ ತಾಗಿಸಿ, ಬಿಗಿಯಾಗಿ ಎಳೆಯುತ್ತ ಪಕ್ಕದ ಬಾಗಿಲಿನಿಂದ ಹಾಲಿನೊಳಗೆ ಬಂದಳು. ಹಗ್ಗ ಕಾರ್ಪೆಟ್ಟಿನ ಸಾಲುಗಳನ್ನು ಓರೆಯಾಗಿ ದಾಟಿತು.

“ಇದು ಸಾಲು,” ಎಂದಳು.

ಉಸ್ತಾದರು ಹೊರಗೆ ಹೋಗಿ, ಕಟ್ಟಡದಿಂದ ದೂರ ನಿಂತು ದಿಕ್ಸೂಚಿ ನೋಡಿ ಬಂದರು. “ಸರಿ ಇದೆ,” ಎಂದರು ಮೆಲ್ಲಗೆ.

ಕಾರ್ಪೆಟ್ ತಿರುಗಿಸಬೇಕಾಯಿತು. ತಿರುಗಿಸಿದಾಗ ಎದುರು ಮೂಲೆಯಲ್ಲಿ ಮಡಚಿಕೊಂಡಿತು, ಹಿಂದಿನ ಎಡಮೂಲೆಯಲ್ಲಿ ಬರಿಯ ನೆಲ ಉಳಿಯಿತು. ಮಡಚಿದ್ದನ್ನು ಕತ್ತರಿಸಬೇಕು. ಹಾಜಿಯ ಕಾರ್ಪೆಟ್ಟಿಗೆ ಕತ್ತರಿ ಹಾಕಲು ಯಾರಿಗೂ ಧೈರ್ಯವಿಲ್ಲ. ಹವ್ವಮ್ಮ ಮನೆಯಿಂದ ಅಡಿಕೆ ಸುಲಿಯುವ ಕತ್ತಿ ತರಿಸಿ, ಮಂಡಿಯೂರಿ, ಕರಕರನೆ ಕೊಯ್ದಳು. ಹಾಜಿ ಮುಖ ತಿರುಗಿಸಿದ. ಅವಳು ಅಗತ್ಯಕ್ಕಿಂತ ನಿಧಾನವಾಗಿ ಕೊಯ್ದಳು.

ಮುಗಿಸಿ ಎದ್ದು ಹಿಂದಿನ ಮೂಲೆಗೆ ಹೋಗಿ ನಿಂತಳು. ಮುಕ್ಕೋನದ ಜಾಗ, ಒಂದು ಕಡೆ ಹದಿನಾಲ್ಕು ಅಡಿ, ಇನ್ನೊಂದು ಕಡೆ ಏನೂ ಇಲ್ಲ. “ಇದು ದಂಡದ ಜಾಗ ಅಂತ ನೀನೇ ನಕ್ಷೇಲಿ ಬಿಟ್ಟದ್ದು ಇದ್ದಿನಬ್ಬ. ಒಂದು ಪರದೆ ಸಾಕು. ನಮಗೆ ಬಿಡು.”

ಮುಕ್ರಿ, ಉಸ್ತಾದರು, ಕಾರ್ಪೆಟ್ ಎಳೆದ ಆರು ಜನ, ಎಲ್ಲರೂ ಹಾಜಿಯ ಕಡೆ ನೋಡಿದರು.

“ನಾಳೆ ಕಳೀಲಿ. ನೋಡುವ,” ಎಂದ ಹಾಜಿ.

ಉದ್ಘಾಟನೆ ಕಳೆಯಿತು. ಮೂರನೇ ದಿನ ಗಾರೆಯವರು ಬಂದು ಆ ಮುಕ್ಕೋನಕ್ಕೆ ಇಟ್ಟಿಗೆಯ ಗೋಡೆ ಕಟ್ಟಿದರು, ಅಂಗಳದ ಕಡೆಗೆ ಒಂದು ಕಬ್ಬಿಣದ ಬಾಗಿಲು ಇಟ್ಟರು. ಹಂಡೆ, ಸಿಮೆಂಟಿನ ಖಾಲಿ ಚೀಲ, ಮುರಿದ ಬೆಂಚು ಒಳಗೆ ಹೋಯಿತು. ಬೀಗದ ಕೈ ಹಾಜಿಯ ಜೇಬಿಗೆ.

ಹವ್ವಮ್ಮ ಅವನ ಮನೆಗೆ ಹೋದಳು. ಟೈಲ್ಸ್ ಮೇಲೆ ಕಾಲಿಟ್ಟೇ ಹೋದಳು.

“ಅದು ಸ್ಟೋರ್ ರೂಮು,” ಎಂದ ಹಾಜಿ ಪೇಪರಿನಿಂದ ಕಣ್ಣೆತ್ತದೆ. “ಇನ್ನು ಈ ಮಾತು ಎತ್ತಿದ್ರೆ ಜಮಾತಿನಿಂದ ಹೆಸರು ತೆಗೀತೇವೆ. ಆಮೇಲೆ ಸತ್ತಾಗ ಹೊರೋರು ಯಾರೂಂತ ಯೋಚ್ನೆ ಮಾಡಿ.”

ಊರಿನಲ್ಲಿ ಸತ್ತ ಹೆಂಗಸರಿಗೆ ಕೊನೆಯ ಸ್ನಾನ ಮಾಡಿಸುವವಳು ಹವ್ವಮ್ಮ. ಅದಕ್ಕೂ ಹೆಸರಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹಾಜಿಯ ಹೆಂಡತಿಯನ್ನು ಅವಳು ಒಮ್ಮೆ ನೋಡಿದಳು. “ನನ್ನ ಹೊರೋರು ಇಲ್ಲ ಅಂದ್ರೆ ನಾನು ಕೊಳೀತೇನೆ, ನಂಗೇನೂ ಗೊತ್ತಾಗಲ್ಲ. ಇವಳನ್ನ ತೊಳೆಯೋರು ಯಾರು ಅಂತ ನೀನು ಯೋಚ್ನೆ ಮಾಡು.”

“ಅಲ್ಲಾಹ್!” ಎಂದಳು ಆ ಹೆಂಗಸು, ಸೆರಗಿನಿಂದ ಬಾಯಿ ಮುಚ್ಚಿಕೊಂಡು. ಹಾಜಿ ಪೇಪರು ಎಸೆದು ಎದ್ದ. “ಹೊರಗೆ ಹೋಗಿ!”

ಹವ್ವಮ್ಮ ಹೋದಳು. ಹೋದದ್ದು ಐಸಮ್ಮನ ಮನೆಗೆ.

“ಗೋಡೆ ಒಡೆಯುವಾ?” ಎಂದಳು ಐಸಮ್ಮ. ಅವಳಿಗೆ ಯಾವಾಗಲೂ ಒಡೆಯುವ ಯೋಚನೆ.

“ಒಡೆದ್ರೆ ನಮ್ಮನ್ನೇ ಪೊಲೀಸ್ ಹಿಡೀತಾರೆ. ಅವನು ಬಸ್ಸಿನವರಿಗೆ ತೋರಿಸೋಕೆ ಕಟ್ಟಿದ್ದಲ್ವಾ ಈ ಮುಖ? ಬಸ್ಸಿನವರು ಸರಿಯಾಗಿ ನೋಡ್ಲಿ.”

ಆ ಶುಕ್ರವಾರ ಮಧ್ಯಾಹ್ನ, ಬಾಂಗ್ ಆದ ಕೂಡಲೇ ಐದು ಜನ ಹೆಂಗಸರು ಚಾಪೆ ಹಿಡಿದು ಬಂದು ಪಳ್ಳಿಯ ಮುಂದಿನ ಅಂಗಳದಲ್ಲಿ, ಎರಡು ಮಿನಾರಗಳ ನಡುವೆ, ರಸ್ತೆಗೆ ಬೆನ್ನು ಮಾಡಿ ಓರೆ ಸಾಲಿನಲ್ಲಿ ನಿಂತರು. ಬಿಸಿಲಿಗೆ ಇಂಟರ್‌ಲಾಕ್ ಕಲ್ಲು ಕಾದಿತ್ತು. ಒಂದೂ ಹತ್ತರ ಬಸ್ಸು ಬಂದು ನಿಂತಿತು. ಕಿಟಕಿಗಳಿಂದ ತಲೆಗಳು ಹೊರಬಂದವು.

“ಎಂಥದಾ ಇದು? ಹೆಂಗಸರನ್ನ ಬಿಸಿಲಿಗೆ ಹಾಕಿದ್ದಾರಲ್ಲ!”

“ಇಷ್ಟು ದೊಡ್ಡದು ಕಟ್ಟಿದ್ದಾರೆ, ಒಳಗೆ ಜಾಗ ಇಲ್ವಂತಾ?”

“ಶೋ ಮಾರಾಯ, ಬರೀ ಶೋ!”

ಒಳಗೆ ಎದುರಿನ ಸಾಲಿನಲ್ಲಿ ನಿಂತ ಹಾಜಿಗೆ ಅದು ಕೇಳಿಸಿತು. ಎರಡನೇ ಶುಕ್ರವಾರ ಹೆಂಗಸರು ಒಂಬತ್ತಾದರು. ಕಂಡಕ್ಟರು ಬೇಕೆಂದೇ ಎರಡು ನಿಮಿಷ ಹೆಚ್ಚು ನಿಲ್ಲಿಸಿದ. ಮೋಟರ್ ಬೈಕಿನ ಹುಡುಗರು ಶಿಳ್ಳೆ ಹೊಡೆದರು, ಒಬ್ಬ ಬಾಯಿಗೆ ಬಂದದ್ದನ್ನು ಕೂಗಿದ. ಹವ್ವಮ್ಮನ ಬೆನ್ನು ಬೆವರಿತು. ಈ ನಗು ತನ್ನ ಜನರ ಮೇಲೂ ಬೀಳುತ್ತದೆ ಎಂದು ಅವಳಿಗೆ ಗೊತ್ತಿತ್ತು, ಅದನ್ನು ತಂದವಳು ತಾನೇ ಎಂದೂ ಗೊತ್ತಿತ್ತು. ಹಣೆ ನೆಲಕ್ಕಿಟ್ಟಾಗ ಅವಳು ಅದಕ್ಕೆ ಕ್ಷಮೆ ಕೇಳಿದಳು. ಮನೆಗೆ ಹೋಗಲಿಲ್ಲ.

ಮೂರನೇ ಶುಕ್ರವಾರ ಹದಿನಾಲ್ಕು ಜನ. ಕೊನೆಯಲ್ಲಿ ಬಂದು ನಿಂತವಳು ಹಾಜಿಯ ಹೆಂಡತಿ. ಹವ್ವಮ್ಮನ ಮುಖ ನೋಡದೆ, ಒಂದು ಮಾರು ದೂರದಲ್ಲಿ ಚಾಪೆ ಬಿಡಿಸಿದಳು.

ನಮಾಜ್ ಮುಗಿದು ಗಂಡಸರು ಹೊರಬಂದಾಗ ಹಾಜಿ ನೇರ ಅಂಗಳದ ನಡುವಿಗೆ ಬಂದ. ಮುಖ ಕಪ್ಪಿಟ್ಟಿತ್ತು. ಜೇಬಿನಿಂದ ಬೀಗದ ಕೈ ತೆಗೆದು ಹವ್ವಮ್ಮನ ಚಾಪೆಯ ಮೇಲೆ ಎಸೆದ.

“ತಗೊಳ್ಳಿ! ಮಾನ ತೆಗೆದದ್ದು ಸಾಕು. ಹೋಗಿ ಗುಡಿಸ್ಕೊಂಡು ಕೂತ್ಕೊಳ್ಳಿ.”

ಹೆಂಗಸರಲ್ಲಿ ಒಬ್ಬಳು ಕೈ ಹಾಕಲು ಬಗ್ಗಿದಳು. ಹವ್ವಮ್ಮ ಅವಳ ಕೈ ಹಿಡಿದಳು.

“ಕಸ ತುಂಬಿದ್ದು ಯಾರು?”

ಮುಕ್ರಿ ಪೊರಕೆ ತರಲು ಓಡಿದ.

“ಅವನಲ್ಲ,” ಎಂದಳು ಹವ್ವಮ್ಮ. “ನಾನೂ ಅಲ್ಲ. ಇವತ್ತು ನಾವು ಯಾರೂ ಗುಡಿಸೋದಿಲ್ಲ. ನೀನು ಬಾಗಿಲು ತೆಗೆದು, ಬೆಂಚು ಹೊರಗೆ ಹಾಕಿ, ಗುಡಿಸಿ ಕೊಡು. ಅಲ್ಲೀವರೆಗೆ ನಾವು ಇಲ್ಲೇ.”

ರಸ್ತೆಯ ಆ ಕಡೆ ಕೊಪ್ಪದ ಬಸ್ಸು ಬಂದು ನಿಂತಿತು. ಹಾಜಿ ಬಸ್ಸಿನ ಕಡೆ ನೋಡಿದ, ಹೆಂಡತಿಯ ಕಡೆ ನೋಡಿದ. ಅವಳು ನೆಲ ನೋಡುತ್ತ ನಿಂತೇ ಇದ್ದಳು. ಅವನು ಬಗ್ಗಿ, ಚಾಪೆಯ ಮೇಲಿಂದ ಬೀಗದ ಕೈ ಎತ್ತಿಕೊಂಡ.

ಬಾಗಿಲು ತೆಗೆದು ಹಂಡೆ, ಚೀಲ, ಬೆಂಚು ಹೊರಗೆ ಹಾಕಿದ. ಮುಕ್ರಿಯ ಕೈಯಿಂದ ಪೊರಕೆ ಕಿತ್ತುಕೊಂಡ. ಬಿಳಿ ಅಂಗಿಯ ತೋಳು ಮಡಚದೆ ಗುಡಿಸಿದ. ಪೊರಕೆಯನ್ನು ಗುದ್ದಲಿ ಹಿಡಿದ ಹಾಗೆ ಹಿಡಿದಿದ್ದ, ಸಿಮೆಂಟಿನ ಧೂಳು ಎದ್ದು ಅವನ ಗಡ್ಡದ ಮೇಲೇ ಕೂತಿತು. ನಲವತ್ತು ಮನೆಯ ಗಂಡಸರು ಸುತ್ತ ನಿಂತು ನೋಡಿದರು, ಯಾರೂ ಸಹಾಯಕ್ಕೆ ಬರಲಿಲ್ಲ. ನಾಲ್ಕು ಸಲ ಕೆಮ್ಮಿ, ಕಸವನ್ನು ಹೊಸಿಲಿಗೆ ತಂದು, ಅವನು ಪೊರಕೆ ಕೆಳಗೆ ಹಾಕಿದ.

ಹವ್ವಮ್ಮ ಒಳಗೆ ಇಣುಕಿದಳು.

“ಮೂಲೆ ಉಳಿದಿದೆ,” ಎಂದಳು.